ಒಂದೇ ಕಂಪ್ಯೂಟರ್ ಹಂಚಿಕೊಳ್ಳುವಾಗ ಸ್ಕ್ರೀನ್ ರೀಡರ್ ಕೀಬೋರ್ಡ್ ಸೆಟ್ಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ನಗರದಲ್ಲಾಗಲಿ, ಗುಬ್ಬಿ, ತಿಪಟೂರು, ಶಿರಾ, ಪಾವಗಡದ ಕಡೆಯಾಗಲಿ, ಕಣ್ಣು ಕಾಣದವರು ಬಳಸುವ ಕಂಪ್ಯೂಟರ್ ಅವರೊಬ್ಬರದ್ದೇ ಆಗಿರುವುದು ಕಡಿಮೆ. ಬೆಳಿಗ್ಗೆ ಅಕ್ಕ ಅದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾಳೆ, ಮಧ್ಯಾಹ್ನ ಅಣ್ಣ ಕೊಬ್ಬರಿ ವ್ಯಾಪಾರದ ಲೆಕ್ಕ ಹಾಕುತ್ತಾನೆ, ಸಂಜೆಯಾದರೆ ಮಕ್ಕಳ ಶಾಲೆಯ ಕೆಲಸ. ಪಂಚಾಯಿತಿಯ ಅರಿವು ಕೇಂದ್ರದಲ್ಲೋ ಕಾಲೇಜಿನ ಲ್ಯಾಬಿನಲ್ಲೋ ಆದರೆ ದಿನಕ್ಕೆ ಎಷ್ಟೋ ಕೈ ಬದಲಾಗುತ್ತದೆ. ಜಟಾಪಟಿ ಹತ್ತುವುದು ಹೆಚ್ಚಾಗಿ ಕೀಬೋರ್ಡಿನ ವಿಷಯಕ್ಕೆ. ಒಬ್ಬರಿಗೆ ಬೇಕಾದ ಸೆಟ್ಟಿಂಗ್ ಇನ್ನೊಬ್ಬರ ಕೈಗೆ ಅಡ್ಡ ಬರುತ್ತದೆ, ಕೊನೆಗೆ ಯಾರೋ ಒಬ್ಬರು "ಈ ಮಾತಾಡೋ ಸಾಫ್ಟ್‌ವೇರ್ ತೆಗೆದುಬಿಡಿ" ಅನ್ನುತ್ತಾರೆ. ತೆಗೆಯಬೇಕಾದ್ದೇ ಇಲ್ಲ. ಸೆಟ್ಟಿಂಗನ್ನು ಯಂತ್ರಕ್ಕಲ್ಲ, ಮನುಷ್ಯರಿಗೆ ಕಟ್ಟಿಹಾಕಬಹುದು. ಆ ದಾರಿಗಳು ಇಲ್ಲಿವೆ.

ಉತ್ತರಗಳು ಬಹುಪಾಲು ವಿಂಡೋಸ್ ಮೇಲಿನ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸಾಫ್ಟ್‌ವೇರ್ ಬಗ್ಗೆ. ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಶುರುಮಾಡಿದ ಸಾಫ್ಟ್‌ವೇರ್ ಇದು. ಪೂರ್ತಿ ಉಚಿತ, ನಮ್ಮ ಕಡೆ ಎಲ್ಲರಿಗೂ ಸಿಗುವಂಥದ್ದು ಇದೇ. ಅದಕ್ಕೆ ಆಜ್ಞೆ ಕೊಡುವಾಗ ಬೇರೆ ಕೀಗಳ ಜೊತೆ ಹಿಡಿಯುವ ಕೀಯೇ "ಎನ್‌ವಿಡಿಎ ಕೀ"; ಹಾಗೆ ಬರೆದಿರುವ ಕಡೆ ನಿಮ್ಮ ಯಂತ್ರದಲ್ಲಿ ಗೊತ್ತುಮಾಡಿಕೊಂಡಿರುವ ಇನ್ಸರ್ಟ್ ಅಥವಾ ಕ್ಯಾಪ್ಸ್ ಲಾಕ್ ಎಂದು ಓದಿಕೊಳ್ಳಿ.

ಕ್ಯಾಪ್ಸ್ ಲಾಕ್ ಒತ್ತಿದರೆ ದೊಡ್ಡ ಅಕ್ಷರ ಬರುತ್ತಿಲ್ಲ. ಕೀ ಕೆಟ್ಟಿದೆಯಾ?

ಕೆಟ್ಟಿಲ್ಲ. ನಿಮಗಿಂತ ಮುಂಚೆ ಕೂತವರು ಕ್ಯಾಪ್ಸ್ ಲಾಕನ್ನು ಎನ್‌ವಿಡಿಎ ಕೀ ಮಾಡಿಕೊಂಡಿದ್ದಾರೆ. ಅದನ್ನು ಬೇಗ ಬೇಗ ಎರಡು ಸಲ ಒತ್ತಿ, ಎಂದಿನಂತೆ ಕೆಲಸ ಮಾಡುತ್ತದೆ. ಇನ್ಸರ್ಟ್ ಕೀಗೂ ಇದೇ ಕ್ರಮ.

ಇದೊಂದು ವಿಷಯ ಗೊತ್ತಿಲ್ಲದೆ ಹೊಸ ಕೀಬೋರ್ಡ್ ಕೊಂಡವರಿದ್ದಾರೆ. ಹಾಗಾಗಿ ಮನೆಯಲ್ಲಿ ಕಂಪ್ಯೂಟರ್ ಮುಟ್ಟುವ ಪ್ರತಿಯೊಬ್ಬರಿಗೂ ಮೊದಲು ಹೇಳಿಕೊಡಬೇಕಾದ್ದು ಇದನ್ನೇ.

ಯಾವ ಕೀ ಎನ್‌ವಿಡಿಎ ಕೀ ಆಗಬೇಕು ಅಂತ ಬದಲಾಯಿಸುವುದು ಎಲ್ಲಿ?

ಕಂಟ್ರೋಲ್, ಎನ್‌ವಿಡಿಎ ಕೀ, ಕೆ ಮೂರನ್ನೂ ಒಟ್ಟಿಗೆ ಒತ್ತಿದರೆ ನೇರ ಕೀಬೋರ್ಡ್ ಸೆಟ್ಟಿಂಗ್ ತೆರೆಯುತ್ತದೆ. ಅಲ್ಲಿ ಕ್ಯಾಪ್ಸ್ ಲಾಕ್, ನಂಬರ್ ಪ್ಯಾಡಿನ ಇನ್ಸರ್ಟ್, ಬಾಣದ ಕೀಗಳ ಮೇಲಿರುವ ಇನ್ನೊಂದು ಇನ್ಸರ್ಟ್ ಹೀಗೆ ಮೂರು ಆಯ್ಕೆ ಇವೆ. ಶುರುವಿನಲ್ಲಿ ಎರಡೂ ಇನ್ಸರ್ಟ್ ಆಯ್ಕೆಯಾಗಿರುತ್ತವೆ, ಕ್ಯಾಪ್ಸ್ ಲಾಕ್ ಆಗಿರುವುದಿಲ್ಲ. ಮೂರರಲ್ಲಿ ಒಂದಾದರೂ ಉಳಿಯಲೇಬೇಕು.

ಹಂಚಿಕೊಳ್ಳುವ ಡೆಸ್ಕ್‌ಟಾಪಿನಲ್ಲಿ ಕ್ಯಾಪ್ಸ್ ಲಾಕನ್ನು ಬಿಟ್ಟು ಇನ್ಸರ್ಟ್ ಇಟ್ಟುಕೊಳ್ಳುವುದು ವಾಸಿ ಎಂಬುದು ನನ್ನ ಅಭಿಪ್ರಾಯ. ಕಣ್ಣಿರುವವರಲ್ಲಿ ಇನ್ಸರ್ಟ್ ಮುಟ್ಟುವವರು ಕಡಿಮೆ. ಫಾರಂ ತುಂಬುವಾಗ ಕ್ಯಾಪ್ಸ್ ಲಾಕ್ ಎಲ್ಲರಿಗೂ ಬೇಕು. ಲ್ಯಾಪ್‌ಟಾಪ್ ಕಥೆ ಬೇರೆ. ಎಷ್ಟೋ ಮಾಡೆಲ್‌ಗಳಲ್ಲಿ ಇನ್ಸರ್ಟ್ ಬೇರೆ ಕೀಯ ಜೊತೆ ಸೇರಿಕೊಂಡಿರುತ್ತದೆ, ಕೆಲವು ಕಡೆ ಎಫ್‌ಎನ್ ಕೀ ಹಿಡಿದರೇನೇ ಸಿಗುವುದು. ಅಲ್ಲಿ ಕ್ಯಾಪ್ಸ್ ಲಾಕ್ ಇಟ್ಟುಕೊಳ್ಳದೆ ಗತಿಯಿಲ್ಲ. ಉಳಿದವರು ಎರಡು ಸಲ ಒತ್ತುವುದನ್ನು ರೂಢಿ ಮಾಡಿಕೊಳ್ಳಲಿ.

ಡೆಸ್ಕ್‌ಟಾಪ್ ಲೇಔಟ್, ಲ್ಯಾಪ್‌ಟಾಪ್ ಲೇಔಟ್ ಅಂದರೆ ಏನು?

ಅದೇ ಕೀಬೋರ್ಡ್ ಸೆಟ್ಟಿಂಗಿನ ಮೊದಲ ಸಾಲು. ನಂಬರ್ ಪ್ಯಾಡ್ ಇರುವ ಕೀಬೋರ್ಡಿಗೆ ಡೆಸ್ಕ್‌ಟಾಪ್, ಇಲ್ಲದ್ದಕ್ಕೆ ಲ್ಯಾಪ್‌ಟಾಪ್. ಇದು ಬದಲಾದರೆ ಎಷ್ಟೋ ಆಜ್ಞೆಗಳು ಬದಲಾಗುತ್ತವೆ. ಡೆಸ್ಕ್‌ಟಾಪ್ ಲೇಔಟಿನಲ್ಲಿ ಎನ್‌ವಿಡಿಎ ಕೀ ಮತ್ತು ಕೆಳಬಾಣ ಒತ್ತಿದರೆ ಪೂರ್ತಿ ಓದುತ್ತಾ ಹೋಗುತ್ತದೆ. ಲ್ಯಾಪ್‌ಟಾಪ್ ಲೇಔಟಿನಲ್ಲಿ ಅದೇ ಕೆಲಸಕ್ಕೆ ಎನ್‌ವಿಡಿಎ ಕೀ ಮತ್ತು ಎ. "ನಿನ್ನೆ ಓದುತ್ತಿತ್ತು, ಇವತ್ತು ಓದುತ್ತಿಲ್ಲ" ಎಂಬ ದೂರಿಗೆ ಹಲವು ಸಲ ಇದೇ ಕಾರಣ. ಜೊತೆಗೆ ಕೂತು ಕಲಿಸುವ ಮೇಷ್ಟ್ರು ತಮಗೆ ರೂಢಿಯಾದ ಲೇಔಟಿಗೆ ಬದಲಿಸಿ, ಹಾಗೇ ಬಿಟ್ಟು ಎದ್ದು ಹೋಗಿರುತ್ತಾರೆ.

ನಾನು ಕೂತಾಗ ಮಾತು ಬೇಡ. ಅಕ್ಕನ ಸೆಟ್ಟಿಂಗ್ ಕೆಡದ ಹಾಗೆ ನಿಲ್ಲಿಸುವುದು ಹೇಗೆ?

ಎನ್‌ವಿಡಿಎ ಕೀ ಮತ್ತು ಕ್ಯೂ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಎಂಟರ್. ಎದ್ದು ಹೋಗುವಾಗ ಕಂಟ್ರೋಲ್, ಆಲ್ಟ್, ಎನ್ ಒತ್ತಿದರೆ ಮತ್ತೆ ಶುರುವಾಗುತ್ತದೆ. ಇಷ್ಟೇ.

ಸ್ಪೀಕರಿನ ವೈರ್ ಕೀಳುವುದು, ವಾಲ್ಯೂಮ್ ಸೊನ್ನೆಗೆ ತರುವುದು, ಟಾಸ್ಕ್ ಮ್ಯಾನೇಜರಿಗೆ ಹೋಗಿ ಕೊಲ್ಲುವುದು ದಯವಿಟ್ಟು ಬೇಡ. ಪರದೆ ಕಾಣುವವರಿಗೆ ವಾಲ್ಯೂಮ್ ಗುರುತು ಕಣ್ಣೆದುರೇ ಇರುತ್ತದೆ. ಕಣ್ಣು ಕಾಣದವರು ಬಂದು ಕೂತಾಗ ಯಂತ್ರ ಆನ್ ಆಗಿದೆಯೋ ಇಲ್ಲವೋ ಎನ್ನುವುದೇ ತಿಳಿಯುವುದಿಲ್ಲ, ಇನ್ನೊಬ್ಬರು ಮನೆಗೆ ಬರುವತನಕ ಕಾಯುತ್ತಾ ಕೂರಬೇಕಾಗುತ್ತದೆ.

ಒಂದೇ ಒಂದು ಪ್ರೋಗ್ರಾಮಿನಲ್ಲಿ ಮಾತ್ರ ಸುಮ್ಮನಿದ್ದರೆ ಸಾಕು ಅನ್ನುವವರು ಆ ಪ್ರೋಗ್ರಾಂ ತೆರೆದು ಎನ್‌ವಿಡಿಎ ಕೀ, ಶಿಫ್ಟ್, ಎಸ್ ಒತ್ತಿ (ಲ್ಯಾಪ್‌ಟಾಪ್ ಲೇಔಟಿನಲ್ಲಿ ಎಸ್ ಬದಲು ಝಡ್). ಅದು ಸ್ಲೀಪ್ ಮೋಡ್. ಆ ಪ್ರೋಗ್ರಾಮಿನ ಒಳಗೆ ಮಾತೂ ಇಲ್ಲ, ಎನ್‌ವಿಡಿಎ ಆಜ್ಞೆಗಳೂ ಇಲ್ಲ. ಕೀಬೋರ್ಡ್ ಪೂರ್ತಿ ನಿಮ್ಮದು. ಹೊರಗೆ ಬಂದರೆ ಎಲ್ಲ ಮೊದಲಿನಂತೆ. ಲೆಕ್ಕದ ಪ್ರೋಗ್ರಾಂ ಅಥವಾ ಗೇಮ್ ಮುಂದೆ ಕೂರುವವರಿಗೆ ಇದು ಸರಿಹೋಗುತ್ತದೆ.

ಎಲ್ಲಕ್ಕಿಂತ ಒಳ್ಳೆಯ ದಾರಿ ಯಾವುದು?

ಇಬ್ಬರಿಗೂ ಬೇರೆ ಬೇರೆ ವಿಂಡೋಸ್ ಅಕೌಂಟ್. ಉಳಿದ ಉಪಾಯಗಳೆಲ್ಲ ಇದು ಸಾಧ್ಯವಾಗದ ಕಡೆಗೆ.

ಎನ್‌ವಿಡಿಎ ತನ್ನ ಸೆಟ್ಟಿಂಗ್‌ಗಳನ್ನು ಆಯಾ ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಅಕ್ಕನ ಅಕೌಂಟಿನಲ್ಲಿ ಕ್ಯಾಪ್ಸ್ ಲಾಕ್ ಎನ್‌ವಿಡಿಎ ಕೀ ಆಗಿದ್ದರೂ ಅಣ್ಣನ ಅಕೌಂಟಿನಲ್ಲಿ ಅದು ಬರೀ ಕ್ಯಾಪ್ಸ್ ಲಾಕ್. ಓದುವ ವೇಗ, ದನಿ, ಲೇಔಟ್ ಎಲ್ಲವೂ ಹೀಗೇ. ಸೈನ್ ಇನ್ ಆದ ಕೂಡಲೇ ಎನ್‌ವಿಡಿಎ ತಾನಾಗಿ ಶುರುವಾಗಬೇಕೇ ಎಂಬುದೂ ಅಕೌಂಟಿಗೊಂದು. ಅವಳಿಗೆ ಆನ್, ಅವನಿಗೆ ಆಫ್.

ಅಕೌಂಟ್ ಮಾಡುವುದು ಹೀಗೆ: ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಅದರ್ ಯೂಸರ್ಸ್, ಅಲ್ಲಿ ಆ್ಯಡ್ ಅಕೌಂಟ್. ಇಮೇಲ್ ಕೇಳಿದಾಗ "ಈ ವ್ಯಕ್ತಿಯ ಸೈನ್ ಇನ್ ಮಾಹಿತಿ ನನ್ನಲ್ಲಿಲ್ಲ" ಎಂಬ ಅರ್ಥದ ಕೊಂಡಿ ಒತ್ತಿ, ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಸೇರಿಸುವ ಆಯ್ಕೆ ಹಿಡಿಯಿರಿ. ಹೆಸರು, ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಇದನ್ನು ಮಾಡಲು ಅಡ್ಮಿನ್ ಅಧಿಕಾರ ಬೇಕು.

ಇನ್ನೊಂದು ಮರೆಯಬಾರದ್ದಿದೆ. ಸೈನ್ ಇನ್ ಪುಟದಲ್ಲೇ ದನಿ ಬಂದರೆ ತಾನೇ ಕಣ್ಣು ಕಾಣದವರು ತಮ್ಮ ಹೆಸರು ಹುಡುಕಿ ಪಾಸ್‌ವರ್ಡ್ ಹಾಕುವುದು? ಎನ್‌ವಿಡಿಎಯ ಜನರಲ್ ಸೆಟ್ಟಿಂಗಿನಲ್ಲಿ ಸೈನ್ ಇನ್ ಸಮಯದಲ್ಲಿ ಬಳಸುವ ಆಯ್ಕೆ ಬೇರೆಯೇ ಇದೆ, ಅದನ್ನು ಆನ್ ಮಾಡಿ. ಇದು ಇಡೀ ಯಂತ್ರಕ್ಕೆ ಅನ್ವಯಿಸುತ್ತದೆ, ಆದ್ದರಿಂದ ಅಣ್ಣನಿಗೂ ಆ ಪುಟದಲ್ಲಿ ದನಿ ಕೇಳಿಸುತ್ತದೆ. ಅವನು ಒಳಗೆ ಹೋದ ಮೇಲೆ ಇರುವುದಿಲ್ಲ. ಅಷ್ಟನ್ನು ಅವನು ಸಹಿಸಿಕೊಳ್ಳಬೇಕು.

ಒಂದೇ ಅಕೌಂಟ್ ಇದೆ, ಬೇರೆ ಮಾಡಲು ಬಿಡುವುದಿಲ್ಲ. ಯಾರು ಏನು ಬದಲಿಸಿದರೂ ನನ್ನ ಸೆಟ್ಟಿಂಗ್ ಉಳಿಯುವ ಹಾಗೆ ಮಾಡಬಹುದಾ?

ಮಾಡಬಹುದು. ಎನ್‌ವಿಡಿಎ ಮುಚ್ಚುವಾಗ ಆ ಹೊತ್ತಿನ ಸೆಟ್ಟಿಂಗನ್ನು ತಾನಾಗಿಯೇ ಸೇವ್ ಮಾಡಿಬಿಡುತ್ತದೆ. ಯಾರೋ ಬಂದು ಬದಲಿಸಿದ್ದು ಕಾಯಂ ಆಗಿ ಕೂರುವುದು ಇದರಿಂದ. ಕಂಟ್ರೋಲ್, ಎನ್‌ವಿಡಿಎ ಕೀ, ಜಿ ಒತ್ತಿ ಜನರಲ್ ಸೆಟ್ಟಿಂಗಿಗೆ ಹೋಗಿ, ಮುಚ್ಚುವಾಗ ಸೇವ್ ಮಾಡುವ ಆಯ್ಕೆಯ ಗುರುತು ತೆಗೆಯಿರಿ. ಎಲ್ಲವನ್ನೂ ನಿಮಗೆ ಬೇಕಾದಂತೆ ಹೊಂದಿಸಿಕೊಳ್ಳಿ. ಕೊನೆಯಲ್ಲಿ ಕಂಟ್ರೋಲ್, ಎನ್‌ವಿಡಿಎ ಕೀ, ಸಿ ಒತ್ತಿ ಸೇವ್ ಮಾಡಿ. ಈ ಕೊನೆಯ ಹೆಜ್ಜೆ ಬಿಟ್ಟರೆ ಮೇಲಿನದ್ಯಾವುದೂ ನಿಲ್ಲುವುದಿಲ್ಲ.

ಆಮೇಲೆ ಬೇರೆಯವರು ಏನೇ ಬದಲಿಸಿದರೂ ಎನ್‌ವಿಡಿಎ ಮುಚ್ಚಿ ತೆರೆದರೆ ನಿಮ್ಮದೇ ವಾಪಸ್. ಮುಚ್ಚುವುದೂ ಬೇಡ ಅಂದರೆ ಕಂಟ್ರೋಲ್, ಎನ್‌ವಿಡಿಎ ಕೀ, ಆರ್ ಒಮ್ಮೆ ಒತ್ತಿ, ಕೊನೆಯ ಸಲ ಸೇವ್ ಮಾಡಿದ ಸ್ಥಿತಿಗೆ ಬರುತ್ತದೆ. ಒಮ್ಮೆ ಮಾತ್ರ. ಬೇಗ ಬೇಗ ಮೂರು ಸಲ ಒತ್ತಿದರೆ ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗಿನ ಸ್ಥಿತಿಗೆ ಹೋಗುತ್ತದೆ.

ಈ ಉಪಾಯ ಇನ್‌ಪುಟ್ ಜೆಸ್ಚರ್ಸ್ ಪೆಟ್ಟಿಗೆಯಲ್ಲಿ ಮಾಡಿದ ಬದಲಾವಣೆಗಳಿಗೆ ನಡೆಯುವುದಿಲ್ಲ. ಯಾವ ಆಜ್ಞೆಗೆ ಯಾವ ಕೀ ಎಂದು ಅಲ್ಲಿ ಬದಲಿಸಿ ಓಕೆ ಒತ್ತಿದರೆ ತಕ್ಷಣ ಸೇವ್ ಆಗುತ್ತದೆ. ಹಂಚಿಕೊಳ್ಳುವ ಅಕೌಂಟಿನಲ್ಲಿ ಆ ಪೆಟ್ಟಿಗೆಯನ್ನು ಮುಟ್ಟದಿರುವುದೇ ಮೇಲು.

ಮುಚ್ಚುವಾಗ ಸೇವ್ ಆಗಲಿ ಎಂದೇ ಬಿಟ್ಟಿರುವವರಿಗೂ ಒಂದು ಮಾತು. ಕರೆಂಟ್ ಹೋಗಿ ಯಂತ್ರ ಫಟ್ಟಂತ ಆಫ್ ಆದರೆ ಅದು ಮುಚ್ಚಿದ ಲೆಕ್ಕಕ್ಕೆ ಬರುವುದಿಲ್ಲ, ಸೇವ್ ಆಗುವುದಿಲ್ಲ. ಯುಪಿಎಸ್ ಇಲ್ಲದ ಮನೆಯಲ್ಲಿ ಕಂಟ್ರೋಲ್, ಎನ್‌ವಿಡಿಎ ಕೀ, ಸಿ ರೂಢಿಯಾಗಿರಲಿ.

ಒಂದೇ ಅಕೌಂಟಿನಲ್ಲಿ ಇಬ್ಬರು ಅಂಧರೇ ಇದ್ದೇವೆ. ಒಬ್ಬರಿಗೆ ಅಕ್ಷರ ಅಕ್ಷರ ಹೇಳಬೇಕು, ಇನ್ನೊಬ್ಬರಿಗೆ ಬೇಡ.

ಕಾನ್ಫಿಗರೇಶನ್ ಪ್ರೊಫೈಲ್ ಮಾಡಿಕೊಳ್ಳಿ. ಕಂಟ್ರೋಲ್, ಎನ್‌ವಿಡಿಎ ಕೀ, ಪಿ ಒತ್ತಿ, ನ್ಯೂ ಆಯ್ಕೆ ಹಿಡಿದು, ಒಂದು ಹೆಸರು ಕೊಟ್ಟು, ಕೈಯಾರೆ ಆನ್ ಮಾಡುವ ಬಗೆ ಆರಿಸಿ. ಆ ಪ್ರೊಫೈಲ್ ಚಾಲೂ ಇರುವಾಗ ನೀವು ಬದಲಿಸುವ ದನಿ, ವೇಗ, ಟೈಪಿಂಗ್ ಆಯ್ಕೆಗಳು ಅದರೊಳಗೇ ಉಳಿಯುತ್ತವೆ. ಪ್ರತಿ ಪ್ರೊಫೈಲಿಗೂ ಒಂದು ಕೀ ಗೊತ್ತುಮಾಡಿಕೊಂಡರೆ ಕೂತ ತಕ್ಷಣ ಅದನ್ನು ಒತ್ತಿದರಾಯಿತು. ಹಾಸ್ಟೆಲ್ ಕೋಣೆಗಳಲ್ಲಿ ಇದು ಬಹಳ ಉಪಯೋಗ. ಜನರಲ್ ಸೆಟ್ಟಿಂಗಿನಲ್ಲಿರುವವು ಮಾತ್ರ ಪ್ರೊಫೈಲಿಗೆ ಸೇರುವುದಿಲ್ಲ, ಎಲ್ಲರಿಗೂ ಒಂದೇ.

ಇಬ್ಬರ ನಡುವೆ ವ್ಯತ್ಯಾಸ ಟೈಪ್ ಮಾಡಿದ್ದನ್ನು ಹೇಳುವುದೊಂದರಲ್ಲೇ ಇದ್ದರೆ ಪ್ರೊಫೈಲ್ ಕೂಡ ಬೇಕಿಲ್ಲ. ಎನ್‌ವಿಡಿಎ ಕೀ ಮತ್ತು 2 ಅಕ್ಷರ ಹೇಳುವುದಕ್ಕೆ, ಎನ್‌ವಿಡಿಎ ಕೀ ಮತ್ತು 3 ಪದ ಹೇಳುವುದಕ್ಕೆ. ಈ 2, 3 ಮೇಲಿನ ಸಾಲಿನ ಅಂಕಿಗಳು. ಹೊಸದಾಗಿ ಕಲಿಯುವವರಿಗೆ ಅಕ್ಷರ ಬೇಕೇ ಬೇಕು. ವೇಗ ಬಂದ ಮೇಲೆ ಪದ ಸಾಕು ಅನಿಸುತ್ತದೆ, ಎಷ್ಟೋ ಜನ ಎರಡನ್ನೂ ತೆಗೆದುಬಿಡುತ್ತಾರೆ.

ನಂಬರ್ ಪ್ಯಾಡಿನಲ್ಲಿ ಫೋನ್ ನಂಬರ್ ಹೊಡೆದರೆ ಬರುವುದೇ ಇಲ್ಲ, ಏನೇನೋ ಓದುತ್ತದೆ.

ನಂ ಲಾಕ್ ಆಫ್ ಇದೆ. ಆಫ್ ಇದ್ದಾಗ ಎನ್‌ವಿಡಿಎ ಬಳಸುವವರಿಗೆ ಆ ಪ್ಯಾಡ್ ಓದುವ ಸಾಧನ: 7, 8, 9 ಹಿಂದಿನ, ಈಗಿನ, ಮುಂದಿನ ಸಾಲು, 4, 5, 6 ಪದ, 1, 2, 3 ಅಕ್ಷರ. ಅಂಕಿ ಬೇಕಾದವರು ನಂ ಲಾಕ್ ಆನ್ ಮಾಡಿ, ಕೆಲಸ ಮುಗಿದ ಮೇಲೆ ಆಫ್ ಮಾಡಿ ಏಳಿ.

ಕನ್ನಡ ಟೈಪ್ ಮಾಡುವಾಗ ಅಕ್ಷರಗಳು ಎಡವಟ್ಟಾಗುತ್ತಿವೆ. ಎನ್‌ವಿಡಿಎ ಮುಚ್ಚಿದರೆ ಸರಿ ಬರುತ್ತದೆ. ಯಾಕೆ?

ಕೆಲವು ಟೈಪಿಂಗ್ ಸಾಫ್ಟ್‌ವೇರ್‌ಗಳು ನೀವು ಒತ್ತಿದ ಕೀಯನ್ನು ತಡೆದು, ಅದರ ಬದಲಿಗೆ ತಾವೇ ಬೇರೆ ಕೀ ಕಳಿಸುತ್ತವೆ. ಆ ಕಳಿಸಿದ್ದನ್ನು ಎನ್‌ವಿಡಿಎ ಮತ್ತೆ ಹಿಡಿದುಕೊಂಡಾಗ ಗೊಂದಲವಾಗುತ್ತದೆ. ಕೀಬೋರ್ಡ್ ಸೆಟ್ಟಿಂಗಿನ ಕೆಳಭಾಗದಲ್ಲಿ ಬೇರೆ ಅಪ್ಲಿಕೇಶನ್‌ಗಳಿಂದ ಬರುವ ಕೀಗಳನ್ನು ನಿರ್ವಹಿಸುವ ಆಯ್ಕೆಯೊಂದಿದೆ, ಮೊದಲಿನಿಂದಲೇ ಆನ್ ಇರುತ್ತದೆ. ವಿಯೆಟ್ನಾಮಿ ಭಾಷೆಯ ಯೂನಿಕೀ ಬಳಸುವವರು ಇದನ್ನು ಆಫ್ ಮಾಡಬೇಕಾಗಬಹುದು ಎಂದು ಎನ್‌ವಿಡಿಎ ಕೈಪಿಡಿಯೇ ಹೇಳುತ್ತದೆ. ಕನ್ನಡದಲ್ಲೂ ಇಂಥ ತೊಂದರೆ ಕಂಡರೆ ಮೊದಲು ಇದನ್ನು ಆಫ್ ಮಾಡಿ ನೋಡಿ.

ಅದಕ್ಕಿಂತ ಸಲೀಸಾದ ದಾರಿ ವಿಂಡೋಸಿನ ಸ್ವಂತ ಕನ್ನಡ ಕೀಬೋರ್ಡ್. ಇನ್‌ಸ್ಕ್ರಿಪ್ಟ್ ಮೊದಲಿನಿಂದ ಇದೆ. ವಿಂಡೋಸ್ 10ರ 2019ರ ಮೇ ಅಪ್‌ಡೇಟಿನಿಂದ ಕನ್ನಡ ಫೊನೆಟಿಕ್ ಕೂಡ ಬಂದಿದೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷು ಕನ್ನಡ ಬದಲಿಸಬಹುದು. ಎದ್ದು ಹೋಗುವ ಮುಂಚೆ ಇಂಗ್ಲಿಷಿಗೆ ತಂದು ಹೋಗಿ. ಮುಂದಿನವರು ಪಾಸ್‌ವರ್ಡ್ ಹೊಡೆಯುವಾಗ ಕನ್ನಡ ಬಿದ್ದರೆ ಪರದೆಯ ಮೇಲೆ ಬರೀ ಚುಕ್ಕೆ ಕಾಣುತ್ತದೆ, ಎನ್‌ವಿಡಿಎ ಬರೀ "ಸ್ಟಾರ್" ಅನ್ನುತ್ತದೆ. ತಪ್ಪು ಎಲ್ಲಿದೆ ಎಂದು ಇಬ್ಬರಿಗೂ ತಿಳಿಯುವುದಿಲ್ಲ.

ಅಣ್ಣ ಮಾಡಿಟ್ಟ ಕನ್ನಡ ಫೈಲ್ ಅವನಿಗೆ ಚೆನ್ನಾಗಿ ಕಾಣುತ್ತದಂತೆ, ನನಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕೇಳಿಸುತ್ತದೆ.

ಅದು ಹಳೆಯ ನುಡಿ ಫಾಂಟಿನಲ್ಲಿ, ಆಸ್ಕಿ ವಿಧಾನದಲ್ಲಿ ಮಾಡಿದ ಫೈಲ್. ಕಣ್ಣಿಗೆ ಕನ್ನಡ, ಒಳಗಿರುವುದು ಇಂಗ್ಲಿಷ್ ಸಂಕೇತಗಳು. ಸ್ಕ್ರೀನ್ ರೀಡರ್ ಓದುವುದು ಒಳಗಿರುವುದನ್ನು. ಯಾವ ಸೆಟ್ಟಿಂಗ್ ಬದಲಿಸಿದರೂ ಸರಿಹೋಗುವುದಿಲ್ಲ. ಫೈಲನ್ನೇ, ಕನ್ನಡ ಅಕ್ಷರಕ್ಕೇ ಸಂಕೇತವಿರುವ ಯೂನಿಕೋಡಿಗೆ ಪರಿವರ್ತಿಸಬೇಕು. ಯೂನಿಕೋಡ್ ಆದ ಮೇಲೆ ಎನ್‌ವಿಡಿಎ ಜೊತೆಗೇ ಬರುವ ಇ‌ಸ್ಪೀಕ್ ದನಿಯಲ್ಲಿ ಕನ್ನಡ ಆರಿಸಿಕೊಂಡರೆ ಓದುತ್ತದೆ. ಮನೆಯವರಿಗೆ, ಡಿಟಿಪಿ ಅಂಗಡಿಯವರಿಗೆ, ಕಚೇರಿಯವರಿಗೆ ಇದನ್ನು ಕೂರಿಸಿಕೊಂಡು ಹೇಳಿ. ಯೂನಿಕೋಡಿನಲ್ಲಿ ಟೈಪ್ ಮಾಡಲು ಅವರಿಗೆ ಹೆಚ್ಚು ಶ್ರಮವಿಲ್ಲ. ನಿಮಗೆ ಮಾತ್ರ ಆ ಕಾಗದ ಓದಲು ಸಿಗುತ್ತದೋ ಇಲ್ಲವೋ ಎಂಬುದೇ ಅದರ ಮೇಲೆ ನಿಂತಿದೆ.

ಕೀಬೋರ್ಡ್ ಇದ್ದಕ್ಕಿದ್ದಂತೆ ನಿಧಾನವಾಗಿದೆ, ಮೆಲ್ಲಗೆ ಒತ್ತಿ ಹಿಡಿದರೆ ಮಾತ್ರ ಅಕ್ಷರ ಬರುತ್ತದೆ. ಎನ್‌ವಿಡಿಎಯಿಂದಲಾ?

ಅಲ್ಲ. ವಿಂಡೋಸಿನ ಫಿಲ್ಟರ್ ಕೀಸ್ ಆನ್ ಆಗಿದೆ. ಬಲಗಡೆಯ ಶಿಫ್ಟನ್ನು 8 ಸೆಕೆಂಡು ಹಿಡಿದರೆ ಅದು ಆನ್ ಮಾಡಲೇ ಎಂದು ಕೇಳುತ್ತದೆ, ಮಕ್ಕಳು ಹೂಂ ಅಂದುಬಿಡುತ್ತಾರೆ. ಶಿಫ್ಟನ್ನು ಐದು ಸಲ ಒತ್ತಿದರೆ ಬರುವುದು ಸ್ಟಿಕಿ ಕೀಸ್. ಎರಡೂ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ, ಕೀಬೋರ್ಡ್ ವಿಭಾಗದಲ್ಲಿವೆ. ಶಾರ್ಟ್‌ಕಟ್ ಬೇಡದಿದ್ದರೆ ಅಲ್ಲೇ ಆಫ್ ಮಾಡಿ. ಆದರೆ ಕೇಳದೆ ಮಾಡಬೇಡಿ. ಒಂದೇ ಕೈಯಲ್ಲಿ ಟೈಪ್ ಮಾಡುವವರಿಗೆ ಸ್ಟಿಕಿ ಕೀಸ್ ಇಲ್ಲದಿದ್ದರೆ ಕಂಟ್ರೋಲ್, ಆಲ್ಟ್ ಒಟ್ಟಿಗೆ ಒತ್ತಲಾಗುವುದಿಲ್ಲ. ಆ ಕಂಪ್ಯೂಟರ್ ಅವರದ್ದೂ ಹೌದು.

ಕೀಗಳ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಬಹುದಾ?

ಅಂಟಿಸಿ, ಎಫ್ ಮತ್ತು ಜೆ ಬಿಟ್ಟು. ಆ ಎರಡು ಕೀಗಳ ತಳದಲ್ಲಿ ಉಗುರಿಗೆ ಸಿಗುವಷ್ಟು ಸಣ್ಣ ಏಣು ಇರುತ್ತದೆ. ಎಡಗೈ ತೋರುಬೆರಳು ಎಫ್ ಮೇಲೆ, ಬಲಗೈದು ಜೆ ಮೇಲೆ ಕೂತ ಮೇಲೆಯೇ ಕಣ್ಣು ಕಾಣದವರಿಗೆ ಉಳಿದ ಕೀಗಳ ಲೆಕ್ಕ ಸಿಗುವುದು. ನಂಬರ್ ಪ್ಯಾಡಿನ 5ರ ಮೇಲೂ ಹಾಗೇ ಒಂದು ಗುರುತಿದೆ. ಸ್ಟಿಕ್ಕರ್ ಮೇಲೆ ಬಂದರೆ ಆ ಏಣು ಮುಚ್ಚಿಹೋಗುತ್ತದೆ. ಧೂಳು ಬೀಳದಿರಲಿ ಎಂದು ಹಾಸುವ ರಬ್ಬರ್ ಹೊದಿಕೆ ಇನ್ನೂ ಕೆಟ್ಟದ್ದು, ಇಡೀ ಕೀಬೋರ್ಡನ್ನು ಒಂದೇ ಸಮ ಮಾಡಿಬಿಡುತ್ತದೆ. ಈಗಾಗಲೇ ಅಂಟಿಸಿದ್ದರೆ ಎಫ್, ಜೆ ಮೇಲೆ ಹರಳಿನ ಬೊಟ್ಟು ಒಂದೊಂದು ಹಚ್ಚಿ.

ಲ್ಯಾಪ್‌ಟಾಪಿಗೆ ಬೇರೆ ಕೀಬೋರ್ಡ್ ಸಿಕ್ಕಿಸಿದರೆ ಅದಕ್ಕೆ ಬೇರೆ ಸೆಟ್ಟಿಂಗ್ ಇಡಬಹುದಾ?

ಆಗುವುದಿಲ್ಲ, ಸೆಟ್ಟಿಂಗ್ ಎರಡಕ್ಕೂ ಒಂದೇ. ಆದರೂ ಸಿಕ್ಕಿಸುವುದು ಒಳ್ಳೆಯದು. ಯುಎಸ್‌ಬಿ ಕೀಬೋರ್ಡಿನ ಇನ್ಸರ್ಟನ್ನು ಎನ್‌ವಿಡಿಎ ಕೀ ಮಾಡಿಕೊಂಡರೆ ಲ್ಯಾಪ್‌ಟಾಪಿನ ಕ್ಯಾಪ್ಸ್ ಲಾಕ್ ಉಳಿದವರಿಗೆ ಬಿಡುವಾಗುತ್ತದೆ.

ಅರಿವು ಕೇಂದ್ರದಲ್ಲಿ, ಸೈಬರ್ ಅಂಗಡಿಯಲ್ಲಿ ಎನ್‌ವಿಡಿಎ ಇಲ್ಲ. ಇನ್‌ಸ್ಟಾಲ್ ಮಾಡಲೂ ಬಿಡುವುದಿಲ್ಲ.

ಪೆನ್ ಡ್ರೈವಿನಲ್ಲಿ ಒಯ್ಯಿರಿ. ಮನೆಯ ಯಂತ್ರದಲ್ಲಿ ಎನ್‌ವಿಡಿಎ ಮೆನುವಿನ ಟೂಲ್ಸ್ ಒಳಗೆ ಪೋರ್ಟಬಲ್ ಪ್ರತಿ ಮಾಡುವ ಆಯ್ಕೆ ಇದೆ. ಈಗಿನ ಸೆಟ್ಟಿಂಗನ್ನೂ ಸೇರಿಸು ಎಂದು ಗುರುತು ಹಾಕಿದರೆ ನಿಮ್ಮ ಕೀಬೋರ್ಡ್ ಆಯ್ಕೆಗಳೆಲ್ಲ ಜೊತೆಗೇ ಬರುತ್ತವೆ. ಅಲ್ಲಿ ಎನ್‌ವಿಡಿಎ ಫೈಲಿನ ಮೇಲೆ ಎಂಟರ್ ಒತ್ತಿದರೆ ಸಾಕು, ಇನ್‌ಸ್ಟಾಲ್ ಆಗದೆ ಓಡುತ್ತದೆ. ಅಡ್ಮಿನ್ ಅನುಮತಿ ಕೇಳುವ ಪರದೆಗಳನ್ನು, ಅಡ್ಮಿನ್ ಆಗಿ ಓಡುವ ಪ್ರೋಗ್ರಾಂಗಳನ್ನು ಇದು ಓದುವುದಿಲ್ಲ. ಹೆಡ್‌ಫೋನ್ ಮರೆಯಬೇಡಿ. ಪಾಸ್‌ವರ್ಡ್ ಗುಟ್ಟಾಗಿ ಉಳಿಯುತ್ತದೆ ನಿಜ; ಆಧಾರ್ ಸಂಖ್ಯೆ, ಒಟಿಪಿ ಸಾಮಾನ್ಯ ಪೆಟ್ಟಿಗೆಯಲ್ಲಿದ್ದರೆ ಒಂದೊಂದೇ ಅಂಕಿ ಜೋರಾಗಿ ಎಲ್ಲರ ಕಿವಿಗೂ ಬೀಳುತ್ತದೆ.

ಸರ್ಕಾರಿ ಕಚೇರಿಯಲ್ಲಿ ಕೆಲಸದಲ್ಲಿರುವವರು ಪೆನ್ ಡ್ರೈವಿಗೆ ತೃಪ್ತಿಪಡಬೇಕಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಕಲಂ ಪ್ರಕಾರ ಅಂಗವಿಕಲ ನೌಕರರಿಗೆ ಸೂಕ್ತ ಅನುಕೂಲ ಒದಗಿಸುವುದು ಸರ್ಕಾರಿ ಸಂಸ್ಥೆಯ ಹೊಣೆ. ಆ ಕಲಂ ಹೆಸರಿಸಿ, ಇನ್‌ಸ್ಟಾಲ್ ಮಾಡಿದ ಪ್ರತಿ ಮತ್ತು ನಿಮ್ಮದೇ ಲಾಗಿನ್ ಬೇಕೆಂದು ಬರವಣಿಗೆಯಲ್ಲಿ ಕೇಳಿ.

ಜಾಸ್, ನರೇಟರ್, ಲಿನಕ್ಸ್ ಬಳಸುವವರು?

ಜಾಸ್, ನರೇಟರ್, ಲಿನಕ್ಸಿನ ಆರ್ಕಾ ಕೂಡ ಸ್ಕ್ರೀನ್ ರೀಡರ್‌ಗಳೇ. ದಾರಿ ಇದೇ, ಕೀ ಬೇರೆ. ಜಾಸ್‌ನಲ್ಲೂ ಡೆಸ್ಕ್‌ಟಾಪಿಗೆ ಇನ್ಸರ್ಟ್, ಲ್ಯಾಪ್‌ಟಾಪಿಗೆ ಕ್ಯಾಪ್ಸ್ ಲಾಕ್. ಟೈಪಿಂಗ್ ದನಿ ಬದಲಿಸಲು ಇನ್ಸರ್ಟ್ ಮತ್ತು 2. ವಿಂಡೋಸಿನ ನರೇಟರ್ ಆನ್, ಆಫ್ ಎರಡಕ್ಕೂ ವಿಂಡೋಸ್ ಕೀ, ಕಂಟ್ರೋಲ್, ಎಂಟರ್. ಎರಡು ದನಿ ಒಟ್ಟಿಗೆ ಮಾತಾಡುತ್ತಿದ್ದರೆ ಇದನ್ನು ಒತ್ತಿ ನೋಡಿ. ಉಬುಂಟುವಿನ ಆರ್ಕಾ ಆನ್, ಆಫ್ ಮಾಡಲು ಸೂಪರ್ (ವಿಂಡೋಸ್ ಕೀ), ಆಲ್ಟ್, ಎಸ್.

ಪರದೆ ಕಪ್ಪಾಗಿದೆ, ದನಿ ಮಾತ್ರ ಬರುತ್ತಿದೆ. ಮಾನಿಟರ್ ಹೋಯಿತಾ?

ಇಲ್ಲ. ಹಿಂದೆ ನಿಂತವರು ಓದದಿರಲಿ ಎಂದು ಸ್ಕ್ರೀನ್ ಕರ್ಟನ್ ಹಾಕಿಕೊಂಡಿದ್ದಾರೆ. ಎನ್‌ವಿಡಿಎ ಮುಚ್ಚಿದರೆ ಪರದೆ ಬರುತ್ತದೆ.

ಎಲ್ಲ ಇದೆ, ದನಿಯೇ ಇಲ್ಲ. ಮನೆಯಲ್ಲಿ ಯಾರೂ ಇಲ್ಲ. ನಾನೊಬ್ಬಳೇ ಏನು ಮಾಡಲಿ?

ಮೊದಲು ಎನ್‌ವಿಡಿಎ ಕೀ ಮತ್ತು ಎಸ್ ಎರಡನ್ನೂ ಒಟ್ಟಿಗೆ, ಒಂದೊಂದೇ ಸಲ ಒತ್ತಿ ಕಾದು ಕೇಳಿ. ಇದು ಮಾತು, ಮೌನ, ಬೀಪ್ ಮೊದಲಾದ ಸ್ಥಿತಿಗಳ ನಡುವೆ ಬದಲಿಸುತ್ತದೆ, ಯಾರದ್ದೋ ಕೈ ತಾಗಿ ಮೌನಕ್ಕೆ ಹೋಗಿರಬಹುದು. ಇನ್ಸರ್ಟಿನಲ್ಲಿ ಆಗದಿದ್ದರೆ ಕ್ಯಾಪ್ಸ್ ಲಾಕ್ ಹಿಡಿದು ಮಾಡಿ. ಆಗಲೂ ಇಲ್ಲವೆಂದರೆ ಕಂಟ್ರೋಲ್, ಆಲ್ಟ್, ಎನ್: ಮುಚ್ಚಿದ್ದರೆ ಶುರುವಾಗುತ್ತದೆ, ಓಡುತ್ತಿದ್ದರೆ ಹೊಸದಾಗಿ ಶುರುವಾಗುತ್ತದೆ. ಅದಕ್ಕೂ ದನಿ ಬರದಿದ್ದರೆ ಕೀಬೋರ್ಡಿನ ವಾಲ್ಯೂಮ್ ಕೀಯನ್ನು ಕೆಲವು ಸಲ ಏರಿಸಿ, ಸ್ಪೀಕರಿನ ಸ್ವಿಚ್ಚು, ಹಿಂದಿನ ವೈರ್ ಮುಟ್ಟಿ ನೋಡಿ. ಇನ್ನೂ ಇಲ್ಲವೆಂದರೆ ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಒತ್ತಿ. ನರೇಟರ್ ಮಾತಾಡಿದರೆ ಸ್ಪೀಕರ್ ಸರಿಯಿದೆ, ತೊಂದರೆ ಎನ್‌ವಿಡಿಎಯಲ್ಲಿದೆ ಎಂದಾಯಿತು. ನರೇಟರಿನ ನೆರವಿನಿಂದಲೇ ಸ್ಟಾರ್ಟ್ ಮೆನುವಿನಲ್ಲಿ ಎನ್‌ವಿಡಿಎ ಹುಡುಕಿ ತೆರೆಯಿರಿ, ದನಿ ಬಂದ ಮೇಲೆ ನರೇಟರ್ ಮುಚ್ಚಿ.